ಕಿಮೋನೋ ಉಡುವ ವಿದ್ಯೆ

ಉಡುಪಿನ ವಿಷಯವಾಗಿ ಲೇಖನ ಬರೆಯಹೊರಟೆನೆಂದರೆ ನಗುವವರು ನಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. "ಇತಿಹಾಸ ಓದುವವಳಿಗೆ ಬರೆಯಲು ಬೇರೆ ವಿಷಯ ಸಿಗಲಿಲ್ಲವೆ?" ಎಂದು ಗೆಳತಿಯೊಬ್ಬಳು ಕೇಳಿಯೂ ಬಿಟ್ಟಳು. ಆದರೆ ಒಂದು ಉಡುಪನ್ನು ಉಡುವುದನ್ನು ಕಲಿಸುವುದಕ್ಕಾಗಿಯೇ ಶಾಲೆ ತೆರೆದು, ಪಾಠ ಹೇಳಿ, ಪ್ರಮಾಣಪತ್ರವನ್ನೂ ಕೊಡುವ ದೇಶವೊಂದಿದೆ ಎಂದ ಮೇಲೆ ಅವಳೂ ಕಿವಿಗೊಟ್ಟಳು. ಆ ದೇಶ ಜಪಾನು. ಆ ಉಡುಪು ಕಿಮೋನೋ. ಅದನ್ನು ಉಡುವ ಮತ್ತು ಉಡಿಸುವ ವಿದ್ಯೆಗೆ ಅಲ್ಲಿ 'ಕಿತ್ಸುಕೆ' ಎಂದು ಹೆಸರು.

ನಾನು ಜಪಾನಿಗೆ ಹೋದವಳಲ್ಲ. ನನ್ನ ಅಕ್ಕ, ಭಾವನವರ ಉದ್ಯೋಗದ ದೆಸೆಯಿಂದ, ನಾಲ್ಕು ವರ್ಷಗಳಿಂದ ನಗೋಯಾ ನಗರದಲ್ಲಿದ್ದಾಳೆ. ಅವಳ ಮನೆಯ ಹತ್ತಿರದ ಸಮುದಾಯ ಭವನದಲ್ಲಿ ವಯಸ್ಸಾದ ಮಹಿಳೆಯೊಬ್ಬರು ವಾರಕ್ಕೊಂದು ದಿನ ಈ ವಿದ್ಯೆಯನ್ನು ಹೇಳಿಕೊಡುತ್ತಾರೆ. ಕಳೆದ ಬೇಸಗೆಯಲ್ಲಿ ಅಕ್ಕ ಒಂದು ತಿಂಗಳ ಮಟ್ಟಿಗೆ ಊರಿಗೆ ಬಂದಾಗ, ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೊಂಡ ರೇಷ್ಮೆಯ ಕಿಮೋನೋ ಒಂದನ್ನೂ ಅದಕ್ಕೆ ಬೇಕಾದ ಸಾಮಗ್ರಿಗಳನ್ನೂ ತಂದಿದ್ದಳು. ಹಳೆಯದೆಂದರೆ ಹರಿದದ್ದಲ್ಲ. ಅಜ್ಜಿಯರ ಪೆಟ್ಟಿಗೆಯಲ್ಲಿದ್ದದ್ದನ್ನು ಮೊಮ್ಮಕ್ಕಳು ಉಡಲಾರದೆ ಮಾರಿಬಿಡುವುದರಿಂದ, ಒಳ್ಳೆಯ ರೇಷ್ಮೆಯೂ ಅಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದಂತೆ. ಈ ಮಾತು ಆಗ ನನಗೆ ಸಂತೋಷದ ಸುದ್ದಿಯಾಗಿ ಕೇಳಿಸಿತು. ಆಮೇಲೆ ಯೋಚಿಸಿದಾಗ ಅಷ್ಟು ಸಂತೋಷವಾಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

'ಕಿ' ಎಂದರೆ ಉಡುವುದು, 'ಮೋನೋ' ಎಂದರೆ ವಸ್ತು. ಕಿಮೋನೋ ಎಂದರೆ ಉಡುವ ವಸ್ತು, ಅಷ್ಟೆ. ಪಾಶ್ಚಾತ್ಯ ಉಡುಪು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿಗೆ ಬಂದ ಮೇಲೆಯೇ ಈ ಸಾಮಾನ್ಯ ನಾಮ ಒಂದು ವಿಶೇಷ ಉಡುಪಿನ ಹೆಸರಾಗಿ ನೆಲೆಗೊಂಡಿತು. ಅದಕ್ಕೆ ಮೊದಲು ಇದರ ಪೂರ್ವರೂಪಕ್ಕೆ 'ಕೊಸೋದೆ', ಅಂದರೆ ಸಣ್ಣ ತೋಳಿನದು, ಎನ್ನುತ್ತಿದ್ದರು. ಹಿಂದೆ ಅರಮನೆಯ ಸ್ತ್ರೀಯರು ಪದರಪದರವಾಗಿ ತೊಡುತ್ತಿದ್ದ ವಸ್ತ್ರಗಳ ಒಳಗಿನ ಒಳಉಡುಪಾಗಿದ್ದ ಇದು ಕಾಲಕ್ರಮದಲ್ಲಿ ಹೊರಗಿನ ಉಡುಪಾಯಿತು.

ಅಕ್ಕ ತಂದದ್ದನ್ನು ಚಾಪೆಯ ಮೇಲೆ ಹರಡಿದಾಗ ನನಗೆ ಮೊದಲು ಕಂಡದ್ದು ಅದರ ನೇರತನ. ಎಲ್ಲಿಯೂ ಬಾಗಿಸಿ ಕತ್ತರಿಸಿದ ಗುರುತಿಲ್ಲ. ಸುಮಾರು 37 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದು ಥಾನಿನಿಂದ ಒಂದು ಕಿಮೋನೋ ಆಗುತ್ತದೆ. ಮೈಗೆ ಎರಡು ತುಂಡು, ತೋಳಿಗೆ ಎರಡು, ಮುಂದುಗಡೆ ಒಂದರ ಮೇಲೊಂದು ಬರುವುದಕ್ಕೆ ಎರಡು ಕಿರಿಯ ತುಂಡು, ಕೊರಳಪಟ್ಟಿ, ಅದರ ಮೇಲೆ ಕೊಳೆ ತಾಗದಂತೆ ಇನ್ನೊಂದು ಪಟ್ಟಿ. ಎಲ್ಲವೂ ಆಯತಾಕಾರ. ಬಟ್ಟೆಯಲ್ಲಿ ಅಂಗೈಯಗಲವೂ ವ್ಯರ್ಥವಾಗುವುದಿಲ್ಲ. ಹಿಂದಿನ ಕಾಲದಲ್ಲಿ ಕಿಮೋನೋ ಕೊಳೆಯಾದರೆ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಮತ್ತೆ ಥಾನಿನಂತೆ ಕೂಡಿಸಿ, ಒಗೆದು, ಬಿಗಿಯಾಗಿ ಎಳೆದು ಒಣಗಿಸಿ, ಪುನಃ ಹೊಲಿಯುತ್ತಿದ್ದರು. ತಾಯಿಯದು ಮಗಳಿಗೆ ಆಗುತ್ತಿತ್ತು. ಮಾಸಿದ ಭಾಗ ಒಳಮಡಿಕೆಗೆ ಸರಿಯುತ್ತಿತ್ತು. ಲೆಕ್ಕ ಹಾಕಿ ನೋಡಿದರೆ, ಒಳಗಿನ ಅಸ್ತರನ್ನು ಬಿಟ್ಟರೆ, ನಮ್ಮ ಐದೂವರೆ ಮೀಟರಿನ ಸೀರೆಗಿಂತ ಇದಕ್ಕೆ ಕಡಿಮೆ ಬಟ್ಟೆಯೇ ಸಾಕು. ಚಿತ್ರದಲ್ಲಿ ನೋಡಿದವರು ಇದನ್ನು ನಂಬಲಾರರು.

(ರೇಷ್ಮೆಯ ವಿಷಯ ಬಂದದ್ದರಿಂದ ಒಂದು ಮಾತು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಮಾಡಿಸಿ, ಜಪಾನಿನ ಕ್ರಮವನ್ನು ಇಲ್ಲಿ ಕಲಿಸುವುದಕ್ಕೆ ಜಪಾನೀ ತಜ್ಞರನ್ನೇ ಕರೆಸಿದ್ದರು. ಬಸವನಗುಡಿಯ ಕಡೆ ಆ ಸ್ಥಳಕ್ಕೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ.)

ಮೊದಲ ದಿನವೇ ನಾನು ಒಂದು ಅಪಚಾರ ಮಾಡಿದೆ. ಅಕ್ಕ ಅಡಿಗೆಮನೆಯಲ್ಲಿದ್ದಾಗ ಕಿಮೋನೋವನ್ನು ಹೆಗಲಿಗೆ ಹಾಕಿಕೊಂಡು, ಕೈಗೆ ತೋಚಿದಂತೆ ಬಲಗಡೆಯ ಸೆರಗನ್ನು ಎಡಗಡೆಯದರ ಮೇಲೆ ಸುತ್ತಿ, ಕನ್ನಡಿಯ ಮುಂದೆ ನಿಂತಿದ್ದೆ. ಅಕ್ಕ ಒಳಗೆ ಬಂದವಳು, "ಅಯ್ಯೋ, ಬಿಚ್ಚೇ ಅದನ್ನ! ಹೆಣಕ್ಕೆ ಉಡಿಸೋದು ಹಾಗೆ!" ಎಂದು ಕೂಗಿಬಿಟ್ಟಳು. ಜೀವಂತವಾಗಿರುವವರು, ಹೆಂಗಸಾಗಲಿ ಗಂಡಸಾಗಲಿ, ಎಡದ ಸೆರಗನ್ನೇ ಮೇಲೆ ಹಾಕಿಕೊಳ್ಳಬೇಕು. ಬಲದ ಸೆರಗು ಮೇಲೆ ಬರುವುದು ಶವಕ್ಕೆ ಮಾತ್ರ. ಈ ನಿಯಮ ಕ್ರಿ. ಶ. 719ರಷ್ಟು ಹಳೆಯದು. ಆ ವರ್ಷ ಗೆನ್‌ಶೋ ಎಂಬ ಸಾಮ್ರಾಜ್ಞಿಯ ಆಳ್ವಿಕೆಯಲ್ಲಿ, ಚೀನದ ಪದ್ಧತಿಯನ್ನು ಅನುಸರಿಸಿ, ಪ್ರಜೆಗಳೆಲ್ಲರೂ ಹೀಗೆಯೇ ಉಡತಕ್ಕದ್ದೆಂದು ಆಜ್ಞೆಯಾಯಿತು. ಹದಿಮೂರು ಶತಮಾನಗಳ ಹಿಂದಿನ ರಾಜಾಜ್ಞೆಯೊಂದನ್ನು ನಮ್ಮ ಮನೆಯ ನಡುಮನೆಯಲ್ಲಿ ಉಲ್ಲಂಘಿಸಿದ ಕೀರ್ತಿ ನನ್ನದು.

ಇನ್ನು ಉಡುವ ಕ್ರಮ. ಮೊಟ್ಟಮೊದಲು ತೊಡಬೇಕಾದ್ದು ಕಾಲುಚೀಲ. ಹೆಬ್ಬೆರಳು ಬೇರೆಯಾಗಿರುವ ಬಿಳಿಯ 'ತಾಬಿ'. ಏಕೆ ಮೊದಲೆಂದರೆ, ನಡುಕಟ್ಟು ಬಿಗಿದ ಮೇಲೆ ಬಗ್ಗಿ ಪಾದ ಮುಟ್ಟುವುದು ಕಷ್ಟ. ಆಮೇಲೆ ಹತ್ತಿಯ ಒಳಅಂಗಿ, ಒಳಲಂಗ. ಅನಂತರ, ನಮಗೆ ಆಶ್ಚರ್ಯವಾಗುವಂತಹ ಒಂದು ಕೆಲಸ: ಸೊಂಟದ ಸುತ್ತ ಟವಲು ಸುತ್ತಿ, ಮೈಯ ಏರುತಗ್ಗುಗಳನ್ನು ಮುಚ್ಚಿ, ದೇಹವನ್ನು ಕಂಬದ ಹಾಗೆ ಮಾಡಿಕೊಳ್ಳುವುದು. ಸೀರೆ ಮೈಯನ್ನು ಅನುಸರಿಸುತ್ತದೆ. ಕಿಮೋನೋವನ್ನು ಮೈಯೇ ಅನುಸರಿಸಬೇಕು. ನೇರವಾದ ಬಟ್ಟೆಗೆ ನೇರವಾದ ದೇಹ. ಅದರ ಮೇಲೆ 'ನಗಾಜುಬಾನ್' ಎಂಬ, ಕಿಮೋನೋವಿನ ಆಕಾರದ್ದೇ ಆದ ಒಳನಿಲುವಂಗಿ. ಇದರ ಕೊರಳಿಗೆ ಬೇರೆ ಬಿಳಿಯ ಪಟ್ಟಿಯೊಂದನ್ನು ಹೊಲಿದಿರುತ್ತಾರೆ. ಕೊಳೆಯಾದರೆ ಆ ಪಟ್ಟಿಯನ್ನಷ್ಟೇ ಬಿಚ್ಚಿ ಒಗೆದರಾಯಿತು. ಎಲ್ಲ ಮುಗಿದ ಮೇಲೆ ಈ ಬಿಳಿಯ ಅಂಚು ಹೊರಗಿನ ಕೊರಳಪಟ್ಟಿಯ ಒಳಗಿನಿಂದ ಒಂದು ಬೆರಳಗಲ ಇಣುಕಬೇಕು. ಕತ್ತಿನ ಹಿಂಭಾಗದಲ್ಲಿ ಮಾತ್ರ ಪಟ್ಟಿಯನ್ನು ಒಂದು ಮುಷ್ಟಿ ಹಿಡಿಸುವಷ್ಟು ಕೆಳಕ್ಕೆ ಎಳೆದಿರಬೇಕು. ಮುಂದೆ ಅಷ್ಟೊಂದು ಮುಚ್ಚಿಕೊಳ್ಳುವ ಈ ಉಡುಪು ಹೆಂಗಸಿನ ಚೆಲುವನ್ನೆಲ್ಲ ಹಿಂಗತ್ತಿನಲ್ಲಿ ತೋರಿಸುತ್ತದೆ.

ಈಗ ಕಿಮೋನೋ. ಹೆಂಗಸರ ಕಿಮೋನೋ ಉಡುವವಳ ಎತ್ತರದಷ್ಟೇ ಉದ್ದವಾಗಿರುತ್ತದೆ. ಹೆಗಲಿನಿಂದ ಬಿಟ್ಟರೆ ನೆಲದ ಮೇಲೆ ಬೀಳುತ್ತದೆ. ಬೆನ್ನಿನ ನಡುಹೊಲಿಗೆ ಬೆನ್ನುಮೂಳೆಯ ನೇರಕ್ಕೆ ಬರಬೇಕು. ಎರಡು ಸೆರಗುಗಳನ್ನೂ ಮುಂದಕ್ಕೆ ಹಿಡಿದು, ಕೆಳಗಿನ ಅಂಚು ನೆಲಕ್ಕೆ ತಾಗಿಯೂ ತಾಗದಂತಾಗುವವರೆಗೆ ಮೇಲೆತ್ತಿ, ಮೊದಲು ಎಡದ ಸೆರಗನ್ನು ಸುತ್ತಿ ಅದು ಬಲ ಸೊಂಟದವರೆಗೆ ಸರಿಯಾಗಿ ಬರುತ್ತದೆಯೆ ಎಂದು ನೋಡಿಕೊಳ್ಳಬೇಕು. ಅಲುಗದಂತೆ ಅದನ್ನು ಮತ್ತೆ ಬಿಡಿಸಿ, ಬಲದ ಸೆರಗನ್ನು ಒಳಗೆ ಸುತ್ತಿ ಅದರ ತುದಿಯನ್ನು ಕೊಂಚ ಮೇಲಕ್ಕೆತ್ತಿ, ಮತ್ತೆ ಎಡದ್ದನ್ನು ಅದರ ಮೇಲೆ ತರಬೇಕು. ತುದಿ ಎತ್ತುವುದರಿಂದ ಉಡುಪು ಕೆಳಗೆ ಕಿರಿದಾಗಿ ಹೆಜ್ಜೆಗೆ ಅಂದ ಬರುತ್ತದೆ. ಇಷ್ಟೂ ಹೊತ್ತು ಎರಡು ಕೈಗಳೂ ಬಟ್ಟೆಯಲ್ಲಿರುವುದರಿಂದ ಲಾಡಿಯನ್ನು ಹಿಡಿಯುವುದಕ್ಕೆ ಮೂರನೆಯ ಕೈ ಬೇಕು! ಅದಕ್ಕೇ 'ಕೋಶಿಹಿಮೋ' ಎಂಬ ಲಾಡಿಯನ್ನು ಮೊದಲೇ ಎಟಕುವಂತೆ ಕುರ್ಚಿಯ ಮೇಲೆ ಹಾಕಿಟ್ಟುಕೊಳ್ಳಬೇಕು. ಸೊಂಟದ ಎಲುಬಿನ ಮೇಲೆ ಅದನ್ನು ಬಿಗಿಯಬೇಕು. ಈ ಒಂದು ಲಾಡಿ ಸಡಿಲವಾದರೆ ಉಳಿದದ್ದೆಲ್ಲ ಸಡಿಲ.

ಮೇಲಕ್ಕೆತ್ತಿದ ಬಟ್ಟೆ ಲಾಡಿಯ ಮೇಲೆ ಚೀಲದಂತೆ ಜೋತುಬೀಳುತ್ತದೆಯಷ್ಟೆ? ಕಂಕುಳ ಕೆಳಗೆ ಹೊಲಿಯದೆ ಬಿಟ್ಟಿರುವ ಕಿಂಡಿಗಳಲ್ಲಿ ಕೈ ತೂರಿಸಿ, ಆ ಬಟ್ಟೆಯನ್ನು ಒಳಗಿನಿಂದ ಸವರಿ, ನಡುಕಟ್ಟಿನ ಕೆಳಗೆ ನೇರವಾದ ಒಂದು ಮಡಿಕೆಯಾಗಿ ಕಾಣುವಂತೆ ಮಾಡಬೇಕು. ಇದಕ್ಕೆ 'ಒಹಾಶೋರಿ' ಎಂದು ಹೆಸರು. ಹಿಂದೆ ಎದೋ ಕಾಲದ ಹೆಂಗಸರು ಮನೆಯೊಳಗೆ ಅಂಚನ್ನು ನೆಲದ ಮೇಲೆ ಎಳೆದಾಡಿಕೊಂಡು ನಡೆಯುತ್ತಿದ್ದರು. ಹೊರಗೆ ಹೊರಟಾಗ ಮಾತ್ರ ಎತ್ತಿ ಕಟ್ಟಿಕೊಳ್ಳುತ್ತಿದ್ದರು. ಆ ಎತ್ತಿಕಟ್ಟುವಿಕೆಯೇ ಮೇಜಿ ಕಾಲದಲ್ಲಿ ನಿತ್ಯದ ಮಡಿಕೆಯಾಯಿತು. ಗಂಡಸರ ಕಿಮೋನೋದಲ್ಲಿ ಈ ಮಡಿಕೆಯೂ ಇಲ್ಲ, ಈ ಕಿಂಡಿಯೂ ಇಲ್ಲ. ಅವರದು ಎಲ್ಲೆಲ್ಲಿಯೂ ಸುಲಭವೇ.

ಇದನ್ನೆಲ್ಲ ನೋಡುತ್ತ ಕುಳಿತಿದ್ದ ಅಜ್ಜಿ, "ಏನೇ ಇದು, ಹೊರೆ ಕಟ್ಟಿದ ಹಾಗೆ ಕಟ್ಟುತ್ತಲೇ ಇದ್ದೀಯಲ್ಲ. ಇನ್ನೂ ಎಷ್ಟು ದಾರ?" ಎಂದರು. ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಪಿನ್ನು ಇಲ್ಲ. ಇರುವುದೆಲ್ಲ ಲಾಡಿ ಮತ್ತು ಪಟ್ಟಿಗಳೇ. ಒಂದು ಲಾಡಿ ಕಟ್ಟಿದ್ದನ್ನು ಮುಚ್ಚಲು ಇನ್ನೊಂದು, ಅದರ ಮೇಲೆ ಮತ್ತೊಂದು. ಕೊನೆಗೆ ಎಲ್ಲವನ್ನೂ ಮುಚ್ಚುವುದು 'ಓಬಿ' ಎಂಬ ನಡುಕಟ್ಟು.

ಓಬಿ ಎಂಬುದು ಮೊದಲು ಇಷ್ಟು ದೊಡ್ಡದಾಗಿರಲಿಲ್ಲ. ಕಿಮೋನೋ ಬಿಚ್ಚಿಹೋಗದಂತೆ ಕಟ್ಟುವ ಕಿರಿದಾದ ಪಟ್ಟಿಯಾಗಿತ್ತು. ಎದೋ ಕಾಲದಲ್ಲಿ ಅದು ಅಗಲವಾಗುತ್ತ, ಉದ್ದವಾಗುತ್ತ ಬಂದಿತು. ಇದರಲ್ಲಿ ಕಬುಕಿ ನಾಟಕದವರ ಕೈವಾಡ ಬಹಳ. 17ನೆಯ ಶತಮಾನದಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದ ಕಿಚಿಯಾ ಎಂಬ ನಟ ಕಟ್ಟಿದ ಗಂಟನ್ನು ಊರಿನ ಹೆಂಗಸರೆಲ್ಲ ಅನುಕರಿಸಿದರು. ಆ ಗಂಟಿಗೆ ಅವನದೇ ಹೆಸರು ನಿಂತಿತು. ಗಂಡಸು ಹೆಣ್ಣಿನಂತೆ ಉಟ್ಟದ್ದನ್ನು ನೋಡಿ ಹೆಂಗಸರು ಉಡಲು ಕಲಿತರೆಂಬುದು ವಿನೋದವಾಗಿ ಕಂಡೀತು. ಇಂದು ಅತ್ಯಂತ ಬಳಕೆಯಲ್ಲಿರುವ, ಬೆನ್ನಿನ ಮೇಲೆ ಪೆಟ್ಟಿಗೆಯಂತೆ ಕಾಣುವ ಗಂಟಿಗೆ 'ಓತಾಯಿಕೊ' ಎನ್ನುತ್ತಾರೆ. 19ನೆಯ ಶತಮಾನದ ಆರಂಭದಲ್ಲಿ, ಎದೋ ನಗರದ ಕಾಮೇಯಿದೋ ದೇವಾಲಯದಲ್ಲಿ ಕಮಾನಿನಂತೆ ಬಾಗಿದ ತಾಯಿಕೊ ಸೇತುವೆಯನ್ನು ಪುನಃ ಕಟ್ಟಿದಾಗ, ಫುಕಾಗಾವದ ಗೇಯಿಶಾಗಳು ಆ ಸೇತುವೆಯ ಆಕಾರದಲ್ಲಿ ಓಬಿ ಕಟ್ಟಿ ಬಂದರೆಂದೂ ಅಲ್ಲಿಂದ ಅದು ಹರಡಿತೆಂದೂ ಹೇಳುತ್ತಾರೆ.

ಅಕ್ಕ ತಂದಿದ್ದದ್ದು ಅವಳಿರುವ ಊರಿನ ಹೆಸರಿನದೇ ಆದ ನಗೋಯಾ ಓಬಿ. ಹಳೆಯ ಓಬಿಗಳು ನಾಲ್ಕು ಮೀಟರಿಗೂ ಉದ್ದ, ಪೂರ್ತಿ ಅಗಲ, ಭಾರ. 1912ರಿಂದ 1926ರವರೆಗಿನ ತಾಯಿಶೋ ಕಾಲದಲ್ಲಿ ನಗೋಯಾದ ಕೋಶಿಹಾರಾ ಹಾರುಕೋ ಎಂಬುವರು, ನಡುವಿಗೆ ಸುತ್ತುವ ಭಾಗವನ್ನು ಅರ್ಧಕ್ಕೆ ಮಡಿಸಿ ಹೊಲಿದು, ಬೆನ್ನಿಗೆ ಬರುವ ಭಾಗವನ್ನಷ್ಟೇ ಅಗಲವಾಗಿ ಬಿಟ್ಟು, ಹಗುರವಾದ ಈ ಓಬಿಯನ್ನು ರೂಪಿಸಿದರು. ಆಕೆ ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿ ನಡೆಸುತ್ತಿದ್ದವರು. ಬೆಳಿಗ್ಗೆ ಬೇಗ ಉಟ್ಟು ಕೆಲಸಕ್ಕೆ ಹೊರಡಬೇಕಾದ ಹೆಂಗಸಿನ ಕಷ್ಟ ಅಂಥವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? 1946ರಲ್ಲಿ ಜಪಾನಿನ ಹೆಂಗಸರು ಮೊದಲ ಬಾರಿಗೆ ಮತ ನೀಡಿದ ಚುನಾವಣೆಯಲ್ಲಿ ಆಕೆ ಸಂಸತ್ತಿಗೂ ಆರಿಸಿಬಂದರು.

ಕಟ್ಟುವ ಕ್ರಮವನ್ನು ಬರಹದಲ್ಲಿ ಹೇಳುವುದು ಕಷ್ಟ, ಪ್ರಯತ್ನಿಸುತ್ತೇನೆ. ಓಬಿಯ ಕಿರಿದಾದ ತುದಿಗೆ 'ಕೈ' ಎಂದು ಹೆಸರು, ಅಗಲವಾದ ತುದಿಗೆ 'ಜೋಲು' ಎಂದು. ಕೈಯನ್ನು ಎಡಹೆಗಲ ಮೇಲೆ ಹಾಕಿ, ಉಳಿದದ್ದನ್ನು ನಡುವಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಬೇಕು. ಮುಂದುಗಡೆ ಸುಕ್ಕಾಗದಂತೆ ಪದರಗಳ ನಡುವೆ ಗಟ್ಟಿಯಾದ ಹಲಗೆಯಂಥದೊಂದನ್ನು ತೂರಿಸಬೇಕು. ಬೆನ್ನಿನ ಹತ್ತಿರ ಎರಡು ತುದಿಗಳನ್ನೂ ಒಂದಕ್ಕೊಂದು ಸಿಕ್ಕಿಸಿ, ಜೋಲಿನ ಕೆಳಗೆ ಸಣ್ಣ ದಿಂಬೊಂದನ್ನು ಇಟ್ಟು, ಅದರ ದಾರವನ್ನು ಮುಂದಕ್ಕೆ ತಂದು ಕಟ್ಟಬೇಕು. ದಿಂಬನ್ನು ಮುಚ್ಚುವುದಕ್ಕೆ ತೆಳುವಾದ ರೇಷ್ಮೆಯ ವಸ್ತ್ರ. ದಿಂಬಿನ ಮೇಲಿಂದ ಇಳಿಬಿದ್ದ ಜೋಲನ್ನು ಕೆಳಗಿನಿಂದ ಒಳಕ್ಕೆ ಮಡಿಸಿದರೆ ಪೆಟ್ಟಿಗೆಯ ಆಕಾರ ಬರುತ್ತದೆ. ಕೆಳಗೆ ತೋರುಬೆರಳುದ್ದದ ಬಾಲ ಉಳಿಯಬೇಕು. ಆ ಪೆಟ್ಟಿಗೆಯೊಳಗೆ ಕೈಯನ್ನು ಅಡ್ಡಲಾಗಿ ತೂರಿಸಿ, ಕೊನೆಗೆ 'ಓಬಿಜಿಮೆ' ಎಂಬ ಹೆಣೆದ ಹುರಿಯನ್ನು ಎಲ್ಲದರ ನಡುವೆ ಹಾಯಿಸಿ ಹೊಟ್ಟೆಯ ಮುಂದೆ ಕಟ್ಟಬೇಕು. ಬೆನ್ನ ಮೇಲಿನ ಅಷ್ಟು ದೊಡ್ಡ ಕಟ್ಟಡವೆಲ್ಲ ನಿಂತಿರುವುದು ಬೆರಳುಗಾತ್ರದ ಈ ಹುರಿಯಿಂದ. ಅದನ್ನು ಬಿಚ್ಚಿದರೆ ಎಲ್ಲವೂ ದೊಪ್ಪನೆ ಕುಸಿಯುತ್ತದೆ. ಇದು ನನ್ನ ಸ್ವಾನುಭವ.

ಇಷ್ಟನ್ನೂ ಬೆನ್ನ ಹಿಂದೆ, ಕಣ್ಣಿಗೆ ಕಾಣದಂತೆ, ಬೆರಳುಗಳಿಂದಲೇ ಮಾಡಬೇಕು. ಕಲಿಯುವವರಿಗೆ ಮೊದಲು ಹತ್ತಿಯ ಬೇಸಗೆ ಉಡುಪಾದ 'ಯುಕಾತಾ' ಮತ್ತು ಅದಕ್ಕೆ ಒಪ್ಪುವ ಅರ್ಧ ಅಗಲದ ಓಬಿಯನ್ನೇ ಕೊಡುತ್ತಾರೆ. ಅದನ್ನು ಮುಂದೆ ಕಟ್ಟಿ ಹಿಂದಕ್ಕೆ ತಿರುಗಿಸಬಹುದು. ಆದರೆ ಬಲಗಡೆಗೇ ತಿರುಗಿಸಬೇಕು. ಎಡಗಡೆಗೆ ಎಳೆದರೆ ಎದೆಯ ಮೇಲಿನ ಸೆರಗು ಅದರೊಡನೆ ಕಿತ್ತುಬರುತ್ತದೆ. ನನಗೆ ಮೊದಲ ದಿನ ಒಂದೂವರೆ ಗಂಟೆ ಹಿಡಿಯಿತು. ಮೂರನೆಯ ವಾರದ ಹೊತ್ತಿಗೆ ನಲವತ್ತು ನಿಮಿಷಕ್ಕೆ ಇಳಿಯಿತು. ಅಕ್ಕನ ಗುರುಗಳು ಮಾತನಾಡುತ್ತ ಮಾತನಾಡುತ್ತಲೇ ಉಟ್ಟು ಮುಗಿಸುತ್ತಾರಂತೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತಲೆಮಾರುಗಳಿಂದ ತಾಯಿ ಮಗಳಿಗೆ ಕಲಿಸುತ್ತ ಬಂದದ್ದಕ್ಕೆ ಶಾಲೆ ಏಕೆ ಬೇಕಾಯಿತು? ಉತ್ತರ ಇತಿಹಾಸದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿಮೋನೋ ಆಡಂಬರವೆನಿಸಿಕೊಂಡಿತು. ಹೆಂಗಸರು 'ಮೊಂಪೆ' ಎಂಬ ದೊಗಳೆ ಷರಾಯಿ ತೊಟ್ಟು ಕೆಲಸ ಮಾಡಿದರು. 1945ರ ಸೋಲಿನ ನಂತರದ ಬಡತನದಲ್ಲಿ ಎಷ್ಟೋ ಮನೆಗಳ ಕಿಮೋನೋಗಳು ಹಳ್ಳಿಗಳಲ್ಲಿ ಅಕ್ಕಿಗೆ, ಗೆಣಸಿಗೆ ವಿನಿಮಯವಾದವು. ಆಮೇಲೆ ಪಾಶ್ಚಾತ್ಯ ಉಡುಪೇ ನಿತ್ಯದ ಉಡುಪಾಯಿತು. ಆ ಹೊತ್ತಿನಲ್ಲಿ ಬೆಳೆದ ಹುಡುಗಿಯರು ತಾವೇ ತಾಯಂದಿರಾಗುವ ಹೊತ್ತಿಗೆ ದೇಶಕ್ಕೆ ಹಣ ಬಂದಿತ್ತು, ಮಗಳಿಗೆ ಕಿಮೋನೋ ಕೊಡಿಸುವ ಶಕ್ತಿ ಬಂದಿತ್ತು. ಉಡಿಸಲು ಮಾತ್ರ ಕೈ ಬರುತ್ತಿರಲಿಲ್ಲ. 1960ರ ದಶಕದಲ್ಲಿ ಕಿತ್ಸುಕೆ ಶಾಲೆಗಳು ತಲೆಯೆತ್ತಿದ್ದು ಹೀಗೆ. ನೋರಿಯೋ ಯಾಮಾನಾಕಾ ಎಂಬುವರು 1964ರಲ್ಲಿ ಸ್ಥಾಪಿಸಿದ ಸೋದೋ ಅಕಾಡೆಮಿ ಅವುಗಳಲ್ಲಿ ಹೆಸರಾದದ್ದು.

ಈ ಶಾಲೆಗಳು ಒಂದು ವಿದ್ಯೆಯನ್ನು ಉಳಿಸಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳಿಸುವಾಗ ಅದನ್ನು ಬದಲಾಯಿಸಿಯೂ ಬಿಟ್ಟುವು ಎಂದು ನನ್ನ ಅಭಿಪ್ರಾಯ. ಹಳೆಯ ಛಾಯಾಚಿತ್ರಗಳಲ್ಲಿ ಜಪಾನಿನ ಹೆಂಗಸರನ್ನು ನೋಡಿ: ಎದೆಯ ಮೇಲೆ ಬಟ್ಟೆ ಸಡಿಲವಾಗಿದೆ, ಸುಕ್ಕುಗಳಿವೆ, ತೋಳುಗಳನ್ನು ದಾರದಿಂದ ಎತ್ತಿ ಕಟ್ಟಿ ಪಾತ್ರೆ ತೊಳೆಯುತ್ತಿದ್ದಾರೆ, ಬೆನ್ನಿಗೆ ಮಗು ಕಟ್ಟಿಕೊಂಡಿದ್ದಾರೆ. ಶಾಲೆಯ ಕಿಮೋನೋದಲ್ಲಿ ಒಂದು ಸುಕ್ಕೂ ಇರಕೂಡದು. ಅದಕ್ಕೇ ಟವಲು, ಹಲಗೆ, ದಿಂಬು. ನಿತ್ಯದ ಬಟ್ಟೆ ಸಮಾರಂಭದ ಬಟ್ಟೆಯಾಯಿತು. ತಪ್ಪಾಗಬಹುದೆಂಬ ಹೆದರಿಕೆ ಹುಟ್ಟಿತು. ಹೆದರಿದವರು ಮತ್ತೆ ಶಾಲೆಗೆ ಬಂದರು. ಕೆಲವು ಕಡೆ ಪಾಠ ಅಗ್ಗ, ಪಾಠದ ಜೊತೆಗೆ ಕೊಳ್ಳಬೇಕಾದ ಕಿಮೋನೋ ತುಟ್ಟಿ ಎಂಬ ದೂರೂ ಉಂಟು. ಈಗ ಜನವರಿಯ ಎರಡನೆಯ ಸೋಮವಾರ ನಡೆಯುವ ವಯಸ್ಕರ ದಿನದಂದು ಉದ್ದ ತೋಳಿನ 'ಫುರಿಸೋದೆ' ಉಡುವ ಹುಡುಗಿಯರು ಬೆಳಗಿನ ಜಾವಕ್ಕೇ ಸೌಂದರ್ಯ ಶಾಲೆಗಳ ಮುಂದೆ ಸಾಲು ನಿಲ್ಲುತ್ತಾರೆ. ತಾನೇ ಉಟ್ಟುಕೊಳ್ಳಬಲ್ಲವಳು ಅಪರೂಪ.

ಇದನ್ನು ಓದಿ ನಾವು ಜಪಾನಿನ ಹುಡುಗಿಯರನ್ನು ನೋಡಿ ನಗುವ ಹಾಗಿಲ್ಲ. ಈ ವರ್ಷ ನಮ್ಮ ಕಾಲೇಜಿನ ಸಾಂಪ್ರದಾಯಿಕ ಉಡುಗೆಯ ದಿನ ನಮ್ಮ ತರಗತಿಯ ಎಷ್ಟು ಮಂದಿ ಬ್ಯೂಟಿ ಪಾರ್ಲರಿನಲ್ಲಿ ದುಡ್ಡು ಕೊಟ್ಟು ಸೀರೆ ಉಡಿಸಿಕೊಂಡು ಬಂದರೆಂದು ನನಗೆ ಗೊತ್ತು; ಹೆಸರು ಹೇಳುವುದಿಲ್ಲ. ಗಂಡುಮಕ್ಕಳ ಪಂಚೆಗಳಲ್ಲಿ ಅರ್ಧಕ್ಕರ್ಧ ಅಂಟುಪಟ್ಟಿಯವು. ನಾನು ಆ ದಿನ ಸ್ವಾಭಿಮಾನದಿಂದ ನಾನೇ ಸೀರೆ ಉಟ್ಟೆ. ಜಪಾನಿನ ಓಬಿಯನ್ನು ಕಣ್ಣು ಮುಚ್ಚಿ ಕಟ್ಟಿದವಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ಸಭಾಂಗಣದ ಮೆಟ್ಟಿಲು ಹತ್ತುವಾಗ ನೆರಿಗೆ ಕಾಲಿಗೆ ಸಿಕ್ಕಿ ಅಷ್ಟೂ ಕಿತ್ತುಬಂದಿತು. ಇಬ್ಬರು ಗೆಳತಿಯರು ಅಡ್ಡ ನಿಂತು ನನ್ನನ್ನು ಕೊಠಡಿಯೊಳಕ್ಕೆ ಕರೆದೊಯ್ದರು. ಮೂವರಲ್ಲಿ ಯಾರಿಗೂ ಅದನ್ನು ಮತ್ತೆ ಸರಿಯಾಗಿ ಹಿಡಿಯಲು ಬರಲಿಲ್ಲ. ಕೊನೆಗೆ ಕಸ ಗುಡಿಸುವ ಅಮ್ಮನವರು ಬಂದು, ಪೊರಕೆಯನ್ನು ಬಾಗಿಲಿಗೆ ಒರಗಿಸಿ, ಎರಡು ನಿಮಿಷದಲ್ಲಿ ನೆರಿಗೆ ಹಿಡಿದು ಸಿಕ್ಕಿಸಿದರು. ಒಂದು ಪಿನ್ನನ್ನೂ ಕೇಳಲಿಲ್ಲ.

ಇದನ್ನು ಅಕ್ಕನಿಗೆ ದೂರವಾಣಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಅವಳ ಗುರುಗಳು ಒಮ್ಮೆ ಸೀರೆ ಉಡುವುದನ್ನು ತೋರಿಸೆಂದು ಕೇಳಿದ್ದರಂತೆ, ಇವಳು ಎಂಟು ಪಿನ್ನು ಚುಚ್ಚಿ ತೋರಿಸಿದಾಗ, ಆಕೆ ಬಹು ವಿನಯದಿಂದ, "ನಿಮ್ಮ ಅಜ್ಜಿಯವರೂ ಹೀಗೆಯೇ ಚುಚ್ಚಿಕೊಳ್ಳುತ್ತಾರೆಯೆ?" ಎಂದು ವಿಚಾರಿಸಿದರಂತೆ.

ಈಗ ಭಾನುವಾರ ಬೆಳಿಗ್ಗೆ ಅಜ್ಜಿ ನಡುಮನೆಯಲ್ಲಿ ನಿಂತು ನನಗೆ ಹೇಳಿಕೊಡುತ್ತಾರೆ. ಅಕ್ಕ ಅಲ್ಲಿಂದ ದೂರವಾಣಿಯ ಪರದೆಯಲ್ಲಿ ನೋಡಿಕೊಂಡು ತಾನೂ ಉಡುತ್ತಾಳೆ. ಮೊನ್ನೆ ಅವಳ ಗುರುಗಳೂ ಕಾಗದ ಪೆನ್ಸಿಲು ಹಿಡಿದು ಪಕ್ಕದಲ್ಲಿ ಕುಳಿತಿದ್ದರು. ನೆರಿಗೆ ಎಷ್ಟು, ಒಂದೊಂದರ ಅಗಲ ಎಷ್ಟು ಸೆಂಟಿಮೀಟರ್ ಎಂದು ಅಕ್ಕನ ಮೂಲಕ ಕೇಳಿಸಿದರು. ಅಜ್ಜಿ ಕೈಯಲ್ಲಿದ್ದ ನೆರಿಗೆಯನ್ನು ಒಮ್ಮೆ ನೋಡಿಕೊಂಡು, "ಎಣಿಸೋದು ಯಾಕಮ್ಮ? ಬಟ್ಟೆ ಇರೋ ತನಕ ಹಿಡಿಯೋದು" ಎಂದರು. ಅಕ್ಕ ಅದನ್ನು ಜಪಾನೀ ಭಾಷೆಗೆ ತಿರುಗಿಸಿ ಹೇಳಿದಳು. ಗುರುಗಳು ಪೆನ್ಸಿಲನ್ನು ಕೆಳಗಿಟ್ಟರು.